ಅವ್ವನ ಗುಡ್ಡೆಯ ಅವರೆ

ಮಧುಗಿರಿಯ ಹೈಸ್ಕೂಲಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ದಿನಕ್ಕೊಂದು ಪದ ಕಲಿಸುತ್ತಿದ್ದರು. ಒಂದು ದಿನ ಬಂದದ್ದು ‘ಓವರ್‌ಗ್ರೋನ್’. ಮಿತಿಮೀರಿ ಬೆಳೆದದ್ದು ಎಂದು ಬರೆದುಕೊಂಡೆವು. ಅರ್ಥ ಗೊತ್ತಾದರೆ ಸಾಲದು, ಬಳಸುವ ಜಾಗ ಗೊತ್ತಿರಬೇಕು ಎಂದರು ಮೇಷ್ಟ್ರು. ಹುಲುಸಾದ ರಾಗಿ ಹೊಲಕ್ಕೆ ಆ ಮಾತು ಸಲ್ಲದು; ಹಾಳುಬಿದ್ದ ತೋಟಕ್ಕೆ, ಜನ ನಡೆಯದೆ ಮುಚ್ಚಿಹೋದ ದಾರಿಗೆ ಸಲ್ಲುತ್ತದೆ. ಅದರಲ್ಲಿ ಗಿಡದ ಮೇಲಿನ ದೂರಿಗಿಂತ ನೋಡಿಕೊಳ್ಳಬೇಕಾದವರ ಮೇಲಿನ ದೂರೇ ಹೆಚ್ಚಂತೆ. ಅರೆಬರೆ ಇಂಗ್ಲಿಷಿನ ನನಗೆ ಆ ಪದ ತಲೆಗೇರಿತು. ಕಂಡದ್ದಕ್ಕೆಲ್ಲ ಅಂಟಿಸುತ್ತ ತಿರುಗಿದೆ.

ಆ ವರ್ಷ ಆಷಾಢದಲ್ಲಿ ಅವ್ವ ತೀರಿಕೊಂಡಿದ್ದಳು. ಕೊರಟಗೆರೆ ಕಡೆಯ ನಮ್ಮೂರಿನಲ್ಲಿ, ಹೊಲದ ಮೂಲೆಯಲ್ಲೇ ಮಣ್ಣು ಮಾಡಿದ್ದೆವು. ಮೂರನೆಯ ದಿನ ಹಾಲುತುಪ್ಪ ಬಿಟ್ಟವನು ತಿಥಿಗೂ ನಿಲ್ಲದೆ, ಪರೀಕ್ಷೆಯ ನೆಪ ಹೇಳಿ ಮಧುಗಿರಿಗೆ ಓಡಿದ್ದೆ. ಅವಳಿಲ್ಲದ ಮನೆಯಲ್ಲಿ ಇರಲು ನನ್ನಿಂದಾಗಲಿಲ್ಲ.

ದೀಪಾವಳಿ ರಜೆಗೆ ಬಂದವನು ಮೊದಲು ಹೊಲಕ್ಕೆ ಹೋದೆ. ಅವ್ವನನ್ನು ಹೂತ ಗುಡ್ಡೆ ಕಾಣಲೇ ಇಲ್ಲ. ಸೊಂಟದೆತ್ತರ ಹುಲ್ಲು, ಅಣ್ಣೆಸೊಪ್ಪು, ಅದರ ಮೇಲೆಲ್ಲ ಹಬ್ಬಿದ ಅವರೆ ಬಳ್ಳಿ. ಉದುರಿದ ಕಾಳು ತಾನಾಗಿ ಹುಟ್ಟಿರಬೇಕು ಎಂದುಕೊಂಡೆ. ಮೇಷ್ಟ್ರ ಪದ ನಾಲಗೆಗೆ ಬಂತು, ಅದರ ಹಿಂದೆಯೇ ಅಪ್ಪನ ಮೇಲೆ ಸಿಟ್ಟು. ಕಟ್ಟಿಕೊಂಡವಳನ್ನು ಮೂರೇ ತಿಂಗಳಿಗೆ ಮರೆತನಲ್ಲ ಈ ಮನುಷ್ಯ ಅನ್ನಿಸಿತು. ಕುಡುಗೋಲು ತಂದು, ಅಳುತ್ತಲೇ ಎಲ್ಲವನ್ನೂ ಬುಡಕ್ಕೆ ಸವರಿಹಾಕಿದೆ.

ಅಪ್ಪ ಬಂದು ನಿಂತದ್ದು ಕೆಲಸ ಮುಗಿದ ಮೇಲೆ. ಬೈಯಲಿಲ್ಲ. ನಾನೇ ಜೋರು ಮಾಡಿ, ಕಳೆ ಕೀಳುವಷ್ಟು ಪುರುಸೊತ್ತೂ ಇಲ್ಲವೆ ಎಂದು ಕೇಳಿದೆ. ಅವನು ಕೂತು, ಬಿದ್ದ ಬಳ್ಳಿಯಿಂದ ಒಂದು ಕಾಯಿ ಕಿತ್ತು ಉಗುರಿನಿಂದ ಸೀಳಿದ. ಒಳಗಿದ್ದದ್ದು ಇನ್ನೂ ಬಲಿಯದ ಹಾಲುಗಾಳು.

“ನಿಮ್ಮವ್ವ ಎತ್ತಿಟ್ಟಿದ್ದ ಬಿತ್ತನೆ ಕಾಳು ಕಣ್ಲಾ. ತಿಥಿ ದಿನ ಅವಳ ಮ್ಯಾಲೇ ಬಿತ್ತಿದ್ದೆ. ಒಣ್ಗಿ ಕಾಳು ಬಲಿಯೋಗಂಟ ಕುಡ್ಲು ಮುಟ್ಟಿಸಂಗಿಲ್ಲ.”

ಅದು ನಮ್ಮ ಮನೆತನದ ರೂಢಿಯಂತೆ. ಬೀಜ ಕಾಯುತ್ತಿದ್ದವಳು ಹೋದರೆ ಅವಳ ಕೈಯ ಕಾಳನ್ನು ಅವಳ ಗುಡ್ಡೆಯ ಮೇಲೆ ಬೆಳೆದು ಮತ್ತೆ ಮನೆಯ ಗಡಿಗೆಗೆ ತುಂಬಬೇಕು. ಆಗ ಅವಳು ಮನೆ ಬಿಟ್ಟು ಹೋದಂತಲ್ಲ. ತಿಥಿಗೆ ನಿಂತಿದ್ದರೆ ನನಗೂ ತಿಳಿಯುತ್ತಿತ್ತು. ಗಡಿಗೆಯಲ್ಲಿ ಏನಾದರೂ ಉಳಿದಿದೆಯೇ ಎಂದು ಕೇಳಿದೆ.

“ಇದ್ದದ್ದೇ ಒಂದು ಬೊಗಸೆ. ಎಲ್ಲಾ ಇಲ್ಲೇ ಹಾಕ್ಬುಟ್ಟಿದ್ದೆ” ಎಂದ.

ಹೊತ್ತು ಮುಳುಗುವವರೆಗೆ ಇಬ್ಬರೂ ಕಾಯಿ ಬಿಡಿಸಿದೆವು, ಒಂದಾದರೂ ಬಲಿತದ್ದು ಸಿಕ್ಕೀತೆಂದು. ಸಿಗಲಿಲ್ಲ. ಮರುವರ್ಷ ಅಪ್ಪ ಪಕ್ಕದ ಮನೆಯವರಿಂದ ಅವರೆ ತಂದು ಬಿತ್ತಿದ. ಚೆನ್ನಾಗಿಯೇ ಬಂತು. ಅವನು ಅದನ್ನು ಒಂದು ದಿನವೂ ಬಾಯಿಗಿಡಲಿಲ್ಲ.