ಹುಳದ ಮನೆಯ ಹೀಟರ್ ಚಲಪತಿ

ಚಲಪತಿಯನ್ನು ನಾನು ಮೊದಲು ರೇಷ್ಮೆಹುಳದ ಡಾಕ್ಟರ್ ಎಂದೇ ತಿಳಿದಿದ್ದೆ. ತಪ್ಪು ಪೂರ್ತಿ ನನ್ನದಲ್ಲ. ಕಾಮಸಮುದ್ರದ ಹತ್ತಿರ ನನ್ನ ಹೆಂಡತಿಯ ದೊಡ್ಡಮ್ಮ ಅಮ್ಮಾಜಮ್ಮನ ಮನೆ; ಅವಳದು ರೇಷ್ಮೆಹುಳ ಸಾಕಣೆ. ಅಲ್ಲಿಗೆ ಬೈಕಿನಲ್ಲಿ ಬಂದವನು ಕಪ್ಪು ಚೀಲ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಸೋಪು ಹಾಕಿ ಕೈಕಾಲು ತೊಳೆದು, ಸೋಂಕು ತಾಗದಿರಲೆಂದು ಬಾಗಿಲಲ್ಲಿ ಉದುರಿಸಿದ್ದ ಸುಣ್ಣದ ಪುಡಿ ತುಳಿದು ಹುಳದ ಮನೆಯೊಳಗೆ ಹೋದ. ಹೊರಗೆ ಬಂದು, "ಸರಿಓಯ್ತಕ್ಕ, ಯೋಚ್ನೆ ಬ್ಯಾಡ" ಎಂದ. ನನಗೆ ಅಷ್ಟು ಸಾಕಾಯಿತು. ಎದ್ದು ನಮಸ್ಕರಿಸಿ ನನ್ನ ಮಂಡಿನೋವಿನ ಚರಿತ್ರೆಯನ್ನು ಮೊದಲಿಂದ ಒಪ್ಪಿಸಿದೆ. ಅವನು ಗಂಭೀರವಾಗಿ ಕೇಳಿ, "ಬಿಸಿ ತಾಗಿಸಿ ಸಾರ್" ಎಂದು ಬೈಕ್ ಹತ್ತಿದ.

ಅವನು ನೋಡಲು ಬಂದದ್ದು ಹುಳವನ್ನಲ್ಲ, ಹೀಟರನ್ನು ಎಂದು ಆಮೇಲೆ ತಿಳಿಯಿತು.

ಚಲಪತಿಯ ರಿಪೇರಿ ಅಂಗಡಿ ಬಂಗಾರಪೇಟೆಯಲ್ಲಿ, ವಾಸ ಚಿನ್ನದ ಗಣಿ ಕಾಲೊನಿ ಮೈಸೂರು ಮೈನ್ಸ್‌ನಲ್ಲಿ. ಹೆಂಡತಿ ಇಂದ್ರಾಣಿಯ ಜೊತೆ ತಮಿಳು, ಅಂಗಡಿಯ ಗಿರಾಕಿಗಳ ಜೊತೆ ತೆಲುಗು, ನಮ್ಮಂಥವರ ಜೊತೆಗೂ ಬೈಯಲೂ ಕನ್ನಡ. ಬೇಸಿಗೆಯಲ್ಲಿ ಫ್ಯಾನು, ಮಿಕ್ಸಿ. ಚಳಿ ಬಿದ್ದರೆ ಹುಳದ ಮನೆಗಳ ಎಣ್ಣೆ ಹೀಟರ್. ಮೊಟ್ಟೆಯೊಡೆದ ಮರಿಹುಳಕ್ಕೆ ಚಳಿಯೂ ಆಗದು, ಹೊಗೆಯೂ ಆಗದು. ಬಿಸಿಗಾಳಿ ಊದುವ ಹೀಟರ್ ಇಟ್ಟರೆ ಸೊಪ್ಪು ಬಾಡುತ್ತದೆ. ಆದ್ದರಿಂದ ಎಣ್ಣೆಯನ್ನು ಹೊಟ್ಟೆಯೊಳಗೇ ಮುಚ್ಚಿಟ್ಟುಕೊಂಡ ಈ ಪಟ್ಟಿಪಟ್ಟಿ ಕಬ್ಬಿಣದ ಹೀಟರ್. ಚಳಿಗಾಲಕ್ಕೆ ಮುಂಚೆ ಚಲಪತಿ ಮನೆಮನೆಗೆ ಹೋಗಿ ಪಟ್ಟಿಗಳ ಸಂದಿನ ಧೂಳು ಒರೆಸುತ್ತಾನೆ. ಸುಟ್ಟ ವಾಸನೆ ಪೂರ್ತಿ ಹೋಗುವ ತನಕ ಅಂಗಳದಲ್ಲೇ ಉರಿಸುತ್ತಾನೆ. ಎಣ್ಣೆ ಜಿನುಗಿದ ಹೀಟರನ್ನು ಮುಲಾಜಿಲ್ಲದೆ ಗುಜರಿಗೆ ಕಳಿಸುತ್ತಾನೆ. ಅವನ ದೌರ್ಬಲ್ಯ ಒಂದೇ: ರೋಗಿಯನ್ನು ನೋಡುವ ಮೊದಲೇ ರೋಗ ಹೇಳಿಬಿಡುವುದು.

ಕಳೆದ ಜನವರಿಯಲ್ಲಿ ಅಮ್ಮಾಜಮ್ಮ ಅವನಿಗೆ ಫೋನ್ ಮಾಡಿದಾಗ ನಾನು ಅವನ ಅಂಗಡಿಯಲ್ಲೇ ಇದ್ದೆ. ಹೀಟರ್ ಹತ್ತುತ್ತದೆ, ಆರುತ್ತದೆ. ಹುಳ ಸೊಪ್ಪು ಮುಟ್ಟುತ್ತಿಲ್ಲ ಎಂದು ಫೋನಿನಲ್ಲಿ ಅವಳ ಗೋಳು.

"ಊರೋರೆಲ್ಲಾ ನನ್ನತ್ರಾನೇ ಮರಿಹುಳ ತಗಳ್ಳೋದು. ಈ ಬೆಳೆ ಕೆಟ್ರೆ ಇನ್ಯಾವೋನೂ ಈ ಕಡೆ ತಲೆ ಆಕಾಕಿಲ್ಲ ಕಣಪ್ಪ!"

"ಥರ್ಮೋಸ್ಟಾಟ್ ಓಗೈತಕ್ಕ. ಬತ್ತೀನಿ ಇರು" ಎಂದು ಹೊಸದೊಂದನ್ನು ಚೀಲಕ್ಕೆ ಹಾಕಿಕೊಂಡ. ಇಂಥ ಹೊತ್ತಿನಲ್ಲಿ ಮನೆಯ ಅಳಿಯನೊಬ್ಬ ಇರಲೇಬೇಕೆಂದು ನಾನೂ ಹಿಂದೆ ಕೂತೆ.

ಹುಳದ ಮನೆಯಲ್ಲಿ ಹೀಟರ್ ಒದ್ದೆ ಗೋಣಿಚೀಲ ಹೊದ್ದು ನಿಂತಿತ್ತು.

"ಇದ್ಯಾರು ಒದ್ದಿಸಿದ್ದು?"

"ನಾನೇ. ತೇವ ಇರ್ಲಿ ಅಂತ ದಿನಾ ಗೋಡೆಗೆ ಕಟ್ತಿದ್ದೆ. ಅದ್ರ ಮ್ಯಾಲೇ ಆಕಿದ್ರೆ ಬಿಸೀನೂ ತೇವಾನೂ ಒಟ್ಗೆ ಆಯ್ತದೆ ಅಂತ..."

"ಎಲ್ಡೂ ಆಗ್ಲಿಲ್ಲ. ಮೂಗು ಮುಚ್ಚಿದ್ರೆ ನೀನು ಉಸ್ರಾಡ್ತೀಯ? ಬಿಸಿ ಒಳಗೇ ಸಿಕ್ಕಾಕ್ಕೊಂಡು ತಾನೇ ಆಫ್ ಆಯ್ತಾ ಐತೆ. ನೀರು ವೈರಿಗಿಳಿದಿದ್ರೆ ನೀನೇ ಓಗ್ತಿದ್ದೆ!"

"ನಾನು ಓದ್ರೆ ಓಗ್ಲಿ ಬಿಡು. ಉಳ ಉಳೀಬೇಕು."

"ಹಾಗಾದರೆ ಥರ್ಮೋಸ್ಟಾಟ್?" ಎಂದೆ ನಾನು.

"ಅದು ಚೆನ್ನಾಗೇ ಇರ್ತದೆ ಅಂತ ನನಗೆ ಡೌಟಿತ್ತು ಸಾರ್" ಎಂದವನು ಕೈಗೆತ್ತಿಕೊಂಡಿದ್ದ ಹೊಸದನ್ನು ಮೆಲ್ಲಗೆ ಮತ್ತೆ ಚೀಲಕ್ಕಿಳಿಸಿದ.

ಆಮೇಲೆ ಬರೀ ಕೆಲಸ. ಪ್ಲಗ್ ಕಿತ್ತ, ಹೀಟರ್ ಆರಲು ಬಿಟ್ಟ, ಒಣಬಟ್ಟೆಯಲ್ಲಿ ಒರೆಸಿದ, ಒಳಕ್ಕೆ ನೀರಿಳಿದಿಲ್ಲವೆಂದು ಬಿಚ್ಚಿ ನೋಡಿದ. ಹೀಟರ್ ಸಿಕ್ಕಿಸಿದ್ದ, ಬಿಸಿಗೆ ಕಂದಿದ್ದ ಎಕ್ಸ್‌ಟೆನ್ಷನ್ ಬಾಕ್ಸನ್ನು ಅಂಗಳಕ್ಕೆ ಎಸೆದು ಹೀಟರಿನ ಪ್ಲಗ್ಗನ್ನು ನೇರ ಗೋಡೆಯ ಸಾಕೆಟ್ಟಿಗೆ ಹಾಕಿದ. ಗೋಣಿಚೀಲ ಎದುರು ಗೋಡೆ ಸೇರಿತು. ಸ್ವಿಚ್ ಒತ್ತಿದ ಸ್ವಲ್ಪ ಹೊತ್ತಿಗೆ ಒಳಗಿಂದ ಟಕ್ ಟಕ್ ಸದ್ದು.

"ಅಯ್ಯೋ ರಾಮ, ಒಡೀತೈತೆ!"

"ಕಬ್ಬಿಣ ಮೈ ಮುರೀತೈತಕ್ಕ. ಸುಮ್ಕಿರು."

ಅಮ್ಮಾಜಮ್ಮ ಸೊಪ್ಪು ಸಣ್ಣಗೆ ಕತ್ತರಿಸಿ ಉದುರಿಸಿ, ಹುಳದ ತಟ್ಟೆಯ ಮೇಲೆ ಬಗ್ಗಿ ಕೂತಳು. ಥರ್ಮಾಮೀಟರ್ ನಿಧಾನಕ್ಕೆ ಏರಿತು. ಬಹಳ ಹೊತ್ತಾದ ಮೇಲೆ ಒಂದು ಹುಳ ತಲೆಯೆತ್ತಿ ಸೊಪ್ಪಿನ ಅಂಚಿಗೆ ಬಾಯಿ ಹಾಕಿತು, ಪಕ್ಕದಲ್ಲಿ ಇನ್ನೊಂದು. "ತಿಂತಾವೆ" ಎಂದು ಅವಳು ಪಿಸುಗುಟ್ಟಿದಳು.

ಅಳಿಯನ ಪಾತ್ರ ಇನ್ನೂ ಬಾಕಿಯಿತ್ತು. ಹೊಸ್ತಿಲ ಮೇಲೆ ನಿಂತು ಗಂಟಲು ಸರಿಮಾಡಿಕೊಂಡೆ.

"ಚಲಪತಿ, ಇಷ್ಟೆಲ್ಲ ಆದ ಮೇಲೂ ಕೋಣೆ ತಣ್ಣಗಾದರೆ ಅದರ ಜವಾಬ್ದಾರಿ ಯಾರದು?"

ಅವನು ತಿರುಗಿಯೂ ನೋಡಲಿಲ್ಲ.

"ನಿಮ್ದೇ ಸಾರ್. ಬಾಗ್ಲು ತಗ್ದು ನಿಂತಿರೋರು ನೀವು."