ದೊಡ್ಡಪ್ಪ ಒಯ್ದ ಮಣಿಸರ

ಅಮೆರಿಕದ ಮೂಲನಿವಾಸಿಗಳಾದ ಡೆಲವೇರ್ ಜನರ ಸಂಧಾನದ ಪದ್ಧತಿ ತಂದು ನಾನು ಅಪ್ಪನನ್ನೂ ದೊಡ್ಡಪ್ಪನನ್ನೂ ಒಂದು ಮಾಡಿದೆ ಎಂದು ನೆಂಟರೆಲ್ಲ ಹೇಳಿಕೊಂಡು ತಿರುಗುತ್ತಾರೆ. ನಾನು ಒಪ್ಪುವುದಿಲ್ಲ. ಅವರ ಬಳಿ ಇರುವ ಸಾಕ್ಷಿ ಒಂದೇ: ಇಬ್ಬರೂ ಈಗ ಮಾತಾಡುತ್ತಾರೆ.

ರಾಜಾನುಕುಂಟೆಯಲ್ಲಿ ಇಬ್ಬರಿಗೂ ಸೇರಿದ ಬಾವಿಯನ್ನು ದೊಡ್ಡಪ್ಪ ಅಪ್ಪನನ್ನು ಒಂದು ಮಾತೂ ಕೇಳದೆ ಮುಚ್ಚಿಸಿದ್ದರು. ಮೊಮ್ಮಕ್ಕಳು ಬಿದ್ದಾರು ಎಂಬ ಭಯ. ಅಪ್ಪ ಈಜು ಕಲಿತ ಬಾವಿ ಅದು. ಇಬ್ಬರೂ ಮಾತು ಬಿಟ್ಟರು. ಹೆಬ್ಬಾಳದಲ್ಲಿ ಕಣ್ಣು ತೋರಿಸಿಕೊಂಡು ದೊಡ್ಡಪ್ಪ ಸಹಕಾರನಗರದ ನಮ್ಮ ಮನೆಗೆ ಊಟಕ್ಕೆ ಬಂದ ದಿನವೂ, "ನಿಮ್ ಯಜಮಾನ್ರಿಗೆ ಉಪ್ಪು ಬೇಕಾ ಕೇಳಮ್ಮ" ಎಂದು ಅಮ್ಮನ ಮೂಲಕವೇ ವ್ಯವಹಾರ.

ಚರ್ಚಾಸ್ಪರ್ಧೆಗೆಂದು ನಾನಾಗ ಅಮೆರಿಕದ ಗಡಿನಾಡಿನ ಚರಿತ್ರೆ ಓದುತ್ತಿದ್ದೆ. ಬ್ರಿಟಿಷ್ ವಸಾಹತಿನವರೊಡನೆ ಸಭೆ ಕೂತಾಗ ಡೆಲವೇರ್ ಜನ ಮುಖ್ಯವಾದ ಮಾತಿನ ಜೊತೆಗೊಂದು ಮಣಿಸರ ಕೊಡುತ್ತಿದ್ದರು. ಕೇಳಿದವರು ಆ ಮಾತನ್ನು ಮೊದಲು ತಿರುಗಿ ಹೇಳಬೇಕು. ಉತ್ತರ ಸಾಮಾನ್ಯವಾಗಿ ಮಾರನೆಯ ದಿನ. ಆ ದಿನವೇ ಇಬ್ಬರಿಗೂ ಇದನ್ನು ವಿವರಿಸಿ, ಅಮ್ಮನ ಹಳೆಯ ಮಣಿಸರವನ್ನು ಅಪ್ಪನ ಕೈಗಿಟ್ಟೆ.

"ನಾನು ಈಜು ಕಲ್ತ ಬಾವಿ. ನನ್ನ ಕೇಳ್ದೆ ಮುಚ್ಚಿದ್ರು," ಎಂದು ಅಪ್ಪ ಸರವನ್ನು ದೊಡ್ಡಪ್ಪನಿಗೆ ಕೊಟ್ಟರು.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ಕೇಳ್ದೆ ಮುಚ್ಚಿದ್ರು ಅಂತಾವ್ನೆ. ಈಜು ಕಲ್ಸಿದ್ದು ನಮ್ಮಣ್ಣ ಅಂತಾನೂ ಯೋಳ್ತಾವ್ನೆ."

"ನಾನೆಲ್ಲಿ ಹಂಗಂದೆ?"

"ಸೊಂಟಕ್ಕೆ ಅಗ್ಗ ಕಟ್ಟಿ ಇಳ್ಸಿದ್ದು ಯಾರ್ಲಾ ಮತ್ತೆ? ಊರೆಲ್ಲ ಕೇಳೋ ಅಂಗೆ ಅಳ್ತಿದ್ದೆ!"

ಅಪ್ಪ ನಗು ತಡೆಯಲು ನೋಡಿ ಸೋತರು. ದೊಡ್ಡಪ್ಪ ಸರವನ್ನು ಜೇಬಿಗೆ ಇಳಿಸಿ ನನ್ನ ಕಡೆ ತಿರುಗಿದರು. "ಉತ್ತರ ನಾಳೆ ತಾನೆ ಅಮ್ಮಣ್ಣಿ? ಅಂಗಾದ್ರೆ ಈಗ ಮುದ್ದೆ ಬಡ್ಸು."

ಮಾರನೆಯ ದಿನ ದೊಡ್ಡಪ್ಪನಿಂದ ಅಪ್ಪನಿಗೇ ನೇರ ಫೋನ್ ಬಂತು, ಕಣ್ಣಿಗೆ ಹಾಕುವ ಡ್ರಾಪ್ಸ್ ಬಗ್ಗೆ. ಆಮೇಲೆ ಊರಿಂದ ಅವರೆಕಾಯಿ ಬಂತು. ಬಾವಿಯ ಮಾತು ಮಾತ್ರ ಬರಲಿಲ್ಲ. ದೊಡ್ಡಪ್ಪ ಬಂದು ಹೋದಾಗಲೆಲ್ಲ ಅಪ್ಪ ಗೇಟು ಹಾಕದೆ ಅವರು ಹೋದ ದಾರಿ ನೋಡುವುದನ್ನು ನೆಂಟರು ನೋಡಿಲ್ಲ, ನಾನು ನೋಡಿದ್ದೇನೆ.

ಮೊನ್ನೆ ದೊಡ್ಡಪ್ಪನಿಗೆ ಉಳಿದ ಚರಿತ್ರೆಯನ್ನೂ ಹೇಳಿದೆ. ಮನುಷ್ಯನೊಬ್ಬ ಒಂದೂವರೆ ದಿನದಲ್ಲಿ ನಡೆದಷ್ಟು ನೆಲವನ್ನು ಡೆಲವೇರ್ ಜನ ವಸಾಹತಿನವರಿಗೆ ಬಿಡಬೇಕು ಎಂದು ಮಾತಾಗಿತ್ತು. ವಸಾಹತಿನವರು ಓಟಗಾರರನ್ನು ಕರೆತಂದು ಅದಕ್ಕಿಂತ ಎಷ್ಟೋ ಹೆಚ್ಚು ನೆಲ ಹೊಡೆದುಕೊಂಡರು. ಮುಂದೆ ಯುದ್ಧವೇ ಆಯಿತು.

"ಓಡ್ಸಿದ್ರಾ? ಥೂ! ಆ ಜನಾನ ಒಂದ್ ಮಾತು ಕೇಳ್ಬಾರ್ದಾ?"

ಅವರ ಮೇಲೆ ಪ್ರೀತಿ ಉಕ್ಕಿತು. ಆದರೂ ಬಿಡಲಿಲ್ಲ.

"ಬಾವಿ ಮುಚ್ಚೋ ಮುಂಚೆ ಅಪ್ಪನ್ನ ಕೇಳ್ಬೇಕಿತ್ತು ಅಂತ ನಿಮಗೆ ಅನ್ಸುತ್ತಾ ದೊಡ್ಡಪ್ಪ, ಇಲ್ವಾ?"