ದೀಪದ ಗಿಡಿಯನ್ ಪರ್ಷಿಯಾದ ದೊರೆಯಾದದ್ದು

ಗಿಡಿಯನ್ ಅಟ್ರಿಲ್ ನಮ್ಮ ದ್ವೀಪದ ಅರಮನೆಯಲ್ಲಿ ಮೂವತ್ತು ವರ್ಷದಿಂದ ದೀಪ ಒರೆಸುವವನು. ಗಾಜಿನ ಬುರುಡೆ ಒಂದನ್ನೂ ಒಡೆದವನಲ್ಲ. ರಾಜಮನೆತನದವರು ಎದುರಾದರೆ ಗೋಡೆಗೊತ್ತಿ ತಲೆ ತಗ್ಗಿಸುವುದು ನಮಗೆಲ್ಲ ರೂಢಿ. ಅವನಿಗೆ ಅದು ಸೊಂಟಕ್ಕೇ ಇಳಿದುಬಿಟ್ಟಿತ್ತು. ಆಳುಕಾಳುಗಳ ಪಟ ತೆಗೆದಾಗಲೆಲ್ಲ ದೊಡ್ಡವರಾರಾದರೂ ಆ ಕಡೆ ಹಾದು, ಇವನ ಬೋಳುನೆತ್ತಿ ಮಾತ್ರ ಅಚ್ಚಾಗುತ್ತಿತ್ತು. ಕೆನಡಾಕ್ಕೆ ಹೋಗಿ ಇಪ್ಪತ್ತೆರಡು ವರ್ಷವಾದ ತಂಗಿ ಕೆಜಿಯಾ ಪ್ರತಿ ಕಾಗದದಲ್ಲೂ ಕೇಳುವುದು ಒಂದೇ: "ಮುಖ ಕಾಣೋ ಒಂದು ಪಟ ಕಳಿಸಣ್ಣ." ಅವನಿಗೆ ಓದುಬರಹ ಬಾರದು. ಹೊಲಿಗೆ ಕೋಣೆಯಲ್ಲಿ, ಕಾಲಲ್ಲಿ ನನ್ನ ಕೂಸು ಹೆಟ್ಟಿಯ ತೊಟ್ಟಿಲು ತೂಗುತ್ತ, ಓದಿ ಹೇಳುವವಳು ನಾನು.

ಈ ಜನವರಿಯಲ್ಲಿ ದೊಡ್ಡವರಿಗೆ ಮತ್ತೆ ವೇಷದ ಹುಚ್ಚು ಹತ್ತಿತು. ವೇಷ ಹಾಕಿ ಬೊಂಬೆಗಳ ಹಾಗೆ ನಿಂತು ಪಟ ತೆಗೆಸಿಕೊಳ್ಳುವುದು. ಈ ಸಲ ಬೈಬಲಿನ ಎಸ್ತೇರ್ ರಾಣಿ ತನ್ನ ಗಂಡ ಪರ್ಷಿಯಾದ ದೊರೆಯ ಮುಂದೆ ಮಂಡಿಯೂರುವ ದೃಶ್ಯ. ಜರ್ಮನಿಯ ನೆಂಟರ ಹುಡುಗಿ, ರಾಜಕುಮಾರಿ ಒಟ್ಟೀಲಿಯ, ಎಸ್ತೇರ್. ದೊರೆಯಾಗಬೇಕಿದ್ದ ಕರ್ನಲ್ ಸಾಹೇಬರಿಗೆ ಮಂಗಬಾವು. ಅರಮನೆಯಲ್ಲಿ ದೊರೆಗೊಪ್ಪುವ ಗಡ್ಡವಿದ್ದವನು ಗಿಡಿಯನ್ ಒಬ್ಬನೇ. ವೇಷ ಹಾಕಿದವರಿಗೆಲ್ಲ ಒಂದೊಂದು ಪಟ ಕೊಡುವುದು ವಾಡಿಕೆ.

"ಡಾರ್ಕಸಮ್ಮ, ಕೆಜಿಯಾಗೆ ಪಟ ಸಿಕ್ಕಂಗೇ ಬಿಡು!" ಎನ್ನುತ್ತ ಗಿಡಿಯನ್ ನನ್ನ ಹೊಲಿಗೆ ಕೋಣೆಗೆ ಓಡಿಬಂದ.

ಹಳೆಯ ಪರದೆಯಲ್ಲಿ ನಿಲುವಂಗಿ ಹೊಲಿದೆ. ಮುಂದೆ ಜರಿ, ಹಿಂದೆ ಬರೀ ಗುಂಡುಪಿನ್ನು. ಪಟಕ್ಕೆ ಬೆನ್ನು ಯಾರಿಗೆ ಬೇಕು?

ಪಟ ತೆಗೆಯುವ ಪೆಟಿಂಗೇಲ್ ಕರಿಬಟ್ಟೆಯೊಳಗೆ ತಲೆ ತೂರಿಸಿ, "ಎಂಟು ಎಣಿಸೋ ತನಕ ಯಾರೂ ಅಲ್ಲಾಡಬಾರದು" ಎಂದ. ರಾಜಕುಮಾರಿ ಮಂಡಿಯೂರಿದಳು. ಮೂರು ಎಣಿಸುವಷ್ಟರಲ್ಲಿ ಗಿಡಿಯನ್ ಸಿಂಹಾಸನದಿಂದೆದ್ದು ಸೊಂಟ ಬಗ್ಗಿಸಿದ್ದ.

"ಅಯ್ಯಾ, ನೀನು ದೊರೆ ಕಣಯ್ಯ! ಕೂತ್ಕೋ!"

"ಅವರು ಕೆಳಗೆ, ನಾನು ಮೇಲೆ... ಕಾಲು ಕೇಳ್ತಿಲ್ಲ ಸ್ವಾಮಿ."

ಎರಡನೆಯದೂ ಹಾಗೇ. ಮೂರನೆಯ ಸಲ ಕಿರೀಟ ಉರುಳಿ ರಾಜಕುಮಾರಿಯ ಮಡಿಲಿಗೆ ಬಿತ್ತು.

"ಪಟ ಮೂಡಿಸೋ ಗಾಜು ಉಳಿದಿರೋದು ಒಂದೇ," ಪೆಟಿಂಗೇಲ್ ಹಲ್ಲು ಕಡಿದ. "ಇವನನ್ನ ಎಬ್ಬಿಸಿ. ಹಿಂದೆ ಬೀಸಣಿಗೆ ಹಿಡಿದಿದಾನಲ್ಲ ದಪ್ಪ ಅಡುಗೆಯವನು, ಅವನಿಗೇ ಉಣ್ಣೆಗಡ್ಡ ಅಂಟಿಸಿ ಕೂರಿಸೋಣ."

ಗಿಡಿಯನ್ ಮುಖ ಸುಣ್ಣವಾಯಿತು. ನನಗೆ ತಡೆಯಲಾಗಲಿಲ್ಲ. "ಎರಡು ನಿಮಿಷ ಕೊಡಿ" ಎಂದು ಸಿಂಹಾಸನದ ಹಿಂದೆ ಕುಕ್ಕರಿಸಿ, ಅವನ ಕೊರಳಪಟ್ಟಿಯನ್ನು ಬೆನ್ನೊರಗಿಗೂ ಚಲ್ಲಣವನ್ನು ಕುರ್ಚಿಯ ಮೆತ್ತೆಗೂ ಜೋಡಿದಾರದಲ್ಲಿ ಹೊಲಿದುಬಿಟ್ಟೆ.

"ಡಾರ್ಕಸಮ್ಮ, ಚುಚ್ತಾ ಇದೆ!"

"ಚುಚ್ಚಲಿ. ತಂಗೀನ ನೆನೆಸ್ಕೊ."

ಈ ಸಲ ಎಂಟೂ ಮುಗಿಯಿತು. ದೊರೆ ಬೆವೆತ, ಆದರೆ ಅಲ್ಲಾಡಲಿಲ್ಲ. ರಾಜಕುಮಾರಿ ಎದ್ದದ್ದೇ ತಡ, ಅವನೂ ಎದ್ದ. ಕೊರಳಿನ ಹೊಲಿಗೆ ಪರ್ರನೆ ಹರಿಯಿತು, ಕೆಳಗಿನದು ಹರಿಯಲಿಲ್ಲ. ಸಿಂಹಾಸನವನ್ನು ಹೊತ್ತುಕೊಂಡೇ ನಮಸ್ಕರಿಸಿದ. ರಾಜಕುಮಾರಿ ನಕ್ಕು ನಕ್ಕು ನೆಲದಲ್ಲೇ ಕೂತಳು.

ಪಟ ಬಂತು. ಕಿರೀಟ, ಕಾಡಿಗೆ ತೀಡಿದ ಹುಬ್ಬು, ಅಗಲ ಕಣ್ಣು, ಪೂರ್ತಿ ಮುಖ. ಕೆನಡಾಕ್ಕೆ ಹೋಯಿತು. ಮೊನ್ನೆ ಉತ್ತರ ಬಂದಿದೆ:

"ಪಟ ತುಂಬ ಚೆನ್ನಾಗಿದೆ ಅಣ್ಣ. ಆ ದೊರೆಗೆ ಎಂಥ ಗತ್ತು! ಹಿಂದೆ ಬೀಸಣಿಗೆ ಹಿಡಿದು ನಿಂತಿರೋದು ನೀನೇ ತಾನೆ? ದಪ್ಪ ಆಗಿದೀಯ."

ಗಿಡಿಯನ್ ಆ ಸಾಲನ್ನು ಇನ್ನೊಮ್ಮೆ ಓದಿಸಿದ. ಆಮೇಲೆ, "ಬರಿ ತಾಯಿ, ದೊರೆ ನಾನೇ ಅಂತ" ಎಂದ. ಬರೆದೆ: 'ಮೇಲೆ ಕೂತವನು ನಾನು, ಕೆಳಗೆ ಮಂಡಿಯೂರಿದವರು ರಾಜಕುಮಾರಿ.' ಓದಿ ಹೇಳಿದೆ. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಮೇಲೆ ಅನ್ನೋದು ಬೇಡ. ಪಕ್ಕದಲ್ಲಿ ಅಂತ ಹಾಕು."

ಹಾಗೇ ತಿದ್ದಿದೆ. ಕೆಜಿಯಾಗೆ ಕಣ್ಣಿದೆ, ನೋಡಿಕೊಳ್ಳುತ್ತಾಳೆ.